ಡೆಟ್ರಾಯಿಟ್ ಸುತ್ತ ಹೊಸದಾಗಿ ಬಂದ ನಮ್ಮ ಹುಬ್ಬಳ್ಳಿ-ಧಾರವಾಡ ಮಂದಿಗೆ: ಕಾರ್ ಲೀಸ್ ಮಾಡೂಕಿಂತ ಮೊದಲ ಇಷ್ಟ ಓದ್ರಿ

ನಮ್ಮ ಕಡೆಯಿಂದ ಹೊಸದಾಗಿ ಬಂದೋರು, ಅದರಾಗೂ ಹುಬ್ಬಳ್ಳಿ ಬಿವಿಬಿ, ಧಾರವಾಡ ಎಸ್‌ಡಿಎಂ ಮುಗಿಸಿ ಇಲ್ಲಿ ಕಾರ್ ಕಂಪನಿಗೋಳಿಗೆ ಪಾರ್ಟ್ ಮಾಡೋ ಸಪ್ಲೈಯರ್ ಹತ್ರ ಕೆಲಸಕ್ಕ ಸೇರಿದ ಹುಡುಗ್ರು, ಫೋನ್ ಮಾಡಿ ಕೇಳೋದು ಒಂದ ಮಾತು, "ಅಣ್ಣಾರ, ಲೀಸಿಗೆ ತಗೊಂಡ್ರ ತಿಂಗಳಿಗೆ ಎಷ್ಟ ಬೀಳ್ತೈತ್ರಿ?" ನನ್ನ ಮುಂದ ಕೇಳಿದ್ರ ಅಡ್ಡಿ ಇಲ್ಲ, ಡೀಲರ್ ಮುಂದ ಮಾತ್ರ ಕೇಳಬ್ಯಾಡ್ರಿ. ಅವನೂ ಅದನ್ನ ನಿಮಗ ಕೇಳ್ತಾನ, ತಿಂಗಳಿಗೆ ಎಷ್ಟ ಆದ್ರ ನಿಮಗ ಅನುಕೂಲ ಅಂತ. ನೀವು 350 ಅಂದ್ರಿ ಅಂದ್ರ ಮುಗೀತು, 350 ತರೂಕ ಅವಂಗ ಬೇಕಾದಷ್ಟ ದಾರಿ ಅದಾವು, ಮೈಲು ಕಡಿಮಿ ಮಾಡ್ತಾನ, ಮುಂಗಡ ಏರಸ್ತಾನ, 36 ತಿಂಗಳಿದ್ದದ್ದು 39 ಮಾಡ್ತಾನ, ನೀವು ಅಂದ್ಕೊಂಡ ರೇಟಿಗೆ ಸಿಕ್ತು ಅಂತ ಖುಷಿಲೇ ಮನಿಗೆ ಬರ್ತೀರಿ.

ಕಾರ್ ಬೇಕಂತೂ ಬೇಕ. ಹುಬ್ಬಳ್ಳಿ-ಧಾರವಾಡ ನಡುವ 20 ಕಿಲೋಮೀಟರ್ ಚಿಗರಿ ಬಸ್ಸಿನ ಎಸಿಯೊಳಗ ಕುಂತು ಹೋಗಿ ಬಂದ ರೂಢಿ ಇಲ್ಲಿ ನಡ್ಯೂದಿಲ್ಲ. ನೋವಿಯಿಂದ ಆಬರ್ನ್ ಹಿಲ್ಸಿಗೆ ಒಂದ ಕಡೆಗೆ ಹತ್ರ ಹತ್ರ 30 ಮೈಲು, ಅಂದ್ರ 50 ಕಿಲೋಮೀಟರಿಗೆ ಸೊಲ್ಪ ಕಡಿಮಿ, ದಿನಾ ಬಸ್ ಹಿಡದು ಒಂಬತ್ತಕ್ಕ ಆಫೀಸ್ ಮುಟ್ಟೂದು ಆಗೂ ಮಾತಲ್ಲ. ಲೈಸೆನ್ಸ್, ನಂಬರ್ ಪ್ಲೇಟ್ ಎಲ್ಲಾ ಸೆಕ್ರೆಟರಿ ಆಫ್ ಸ್ಟೇಟ್ ಆಫೀಸಿನಾಗ, ಮಿಶಿಗನ್‌ದಾಗ ಡಿಎಂವಿ (ಬ್ಯಾರೆ ರಾಜ್ಯದಾಗ ನಮ್ಮ ಆರ್‌ಟಿಓ ಇದ್ದಂಗ) ಅಂತ ಹುಡುಕಬ್ಯಾಡ್ರಿ, ಪಾಸ್‌ಪೋರ್ಟು, ವೀಸಾ, ಐ-94 (ಈ ದೇಶಕ್ಕ ಬಂದ ದಾಖಲಿ), ಮನಿ ಬಾಡಿಗಿ ಕಾಗದ ಹಿಡ್ಕೊಂಡು ಹೋಗ್ರಿ.

ಈಗ ಲೆಕ್ಕ. ಲೀಸ್ ಅಂದ್ರ ನೀವು ಓಡ್ಸೋ ಮೂರು ವರ್ಷದಾಗ ಆ ಕಾರಿನ ಬೆಲೆ ಎಷ್ಟ ಇಳೀತೈತೋ ಅಷ್ಟನ್ನ ಕೊಡೂದು, ಅದರ ಮ್ಯಾಲೆ ಬಡ್ಡಿ, ಅಷ್ಟ. ಕ್ಯಾಪ್ ಕಾಸ್ಟ್ ಅಂದ್ರ ನೀವು ಚೌಕಾಸಿ ಮಾಡಿ ಮುಗಿಸಿದ ರೇಟು. ರೆಸಿಡುಯಲ್ ಅಂದ್ರ ಮೂರು ವರ್ಷ ಆದ ಮ್ಯಾಲೆ ಇದರ ಬೆಲೆ ಇಷ್ಟ ಉಳೀತೈತಿ ಅಂತ ಲೀಸ್ ಕಂಪನಿ ಮೊದಲ ಬರದಿಟ್ಟಿದ್ದು, ಅದರಾಗ ಚೌಕಾಸಿ ಇಲ್ಲ. ಮನಿ ಫ್ಯಾಕ್ಟರ್ ಅಂದ್ರ ಬಡ್ಡಿ, 0.00200 ಅಂತ ಸಣ್ಣದಾಗಿ ಬರದಿರ್ತಾರ, ನೋಡಿದ್ರ ಏನೂ ಅಲ್ಲ ಅನಸ್ತೈತಿ, 2400 ರಿಂದ ಗುಣಿಸ್ರಿ, 4.8 ಪರ್ಸೆಂಟ್ ಆತು. 30,000 ಡಾಲರಿನ ಕಾರನ್ನ 28,000 ಕ್ಕ ಇಳಸಿದ್ರಿ, ರೆಸಿಡುಯಲ್ ಮೂಲ 30,000 ದ 60 ಪರ್ಸೆಂಟ್ ಅಂದ್ರ 18,000, ನಡುವಿನ 10,000 ನ 36 ರಿಂದ ಭಾಗಿಸಿದ್ರ 278. ಬಡ್ಡಿಗೆ 28,000 ಮತ್ತ 18,000 ಎರಡೂ ಕೂಡಿಸಿ 0.002 ರಿಂದ ಗುಣಿಸ್ರಿ, 92. ಒಟ್ಟು 370, ಅದರ ಮ್ಯಾಲೆ ಮಿಶಿಗನ್ ಟ್ಯಾಕ್ಸ್ 6 ಪರ್ಸೆಂಟ್, ಹತ್ರ ಹತ್ರ 392. ಇಷ್ಟ ಲೆಕ್ಕ ಮೊಬೈಲಿನಾಗ ಮಾಡ್ಕೊಂಡು ಹೋದ್ರ ಡೀಲರ್ ಹೇಳಿದ ಅಂಕಿ 430 ಇದ್ರ "ಈ 40 ಎಲ್ಲಿಂದ ಬಂತು" ಅಂತ ಕೇಳಾಕ ಬರ್ತೈತಿ. ಲೀಸ್ ಕಾಗದದಾಗ ಕ್ಯಾಪ್ ಕಾಸ್ಟು, ರೆಸಿಡುಯಲ್ಲು, ಒಟ್ಟು ರೆಂಟ್ ಚಾರ್ಜು (ಅಂದ್ರ ಒಟ್ಟು ಬಡ್ಡಿ) ತೋರಸ್ಬೇಕಂತ ಫೆಡರಲ್ ಕಾನೂನು ಐತಿ, ಮನಿ ಫ್ಯಾಕ್ಟರ್ ಬರೀಬೇಕಂತ ಇಲ್ಲ. ಅದಕ್ಕ ಬಾಯಿ ಬಿಟ್ಟ ಕೇಳ್ರಿ. ಡೀಲರ್ ಅದರಾಗೂ ತನ್ನ ಪಾಲು ಸೇರಸಿರ್ತಾನ, "ಬೈ ರೇಟ್ (ಆ ಪಾಲು ಸೇರಸೂ ಮೊದಲಿನ ರೇಟು) ಎಷ್ಟ" ಅಂದ್ರ ಇವಂಗ ಗೊತ್ತೈತಿ ಅಂತ ಡೀಲರ್‌ಗೆ ತಿಳೀತೈತಿ.

ಮೈಲು. ಇದನ್ನ ಬರ್ಯಾಕ ಕುಂತ್ರ ಇವತ್ತಿಗೂ ನನಗ ಹೊಟ್ಟಿ ಉರೀತೈತಿ. ಪೇಪರಿನಾಗ ಬರೋ ಅಗ್ಗದ ಲೀಸ್ ಎಲ್ಲಾ ಬಹುತೇಕ ವರ್ಷಕ್ಕ 10,000 ಮೈಲಿನ ಲೆಕ್ಕ. ದಿನಾ ಹೋಗಿ ಬಂದು 60 ಮೈಲು, ವಾರಕ್ಕ ಐದ ದಿವಸ, ವರ್ಷಕ್ಕ ರಜಾ ಬಿಟ್ಟು 48 ವಾರ ಅಂದ್ರೂ ಆಫೀಸಿಗೇ 14,400 ಆತು. ಒಪ್ಪಂದ ಮೀರಿದ ಒಂದೊಂದ ಮೈಲಿಗೂ 15 ರಿಂದ 25 ಸೆಂಟ್ ಕೊಡ್ಬೇಕು, 20 ಹಿಡದ್ರ ಮೂರು ವರ್ಷಕ್ಕ 13,200 ಮೈಲಿಗೆ 2,640 ಡಾಲರ್, ಇನ್ನೂ ಟ್ರಾಯ್‌ನ ಭಾರತೀಯ ಟೆಂಪಲ್, ನೋವಿಯ ವೆಂಕಟೇಶ್ವರ ಗುಡಿ, ಶಿಕಾಗೋದಾಗಿರೋ ಮೈದುನನ ಮನಿ, ಬ್ಯಾಸಿಗ್ಯಾಗ ಊರಿಂದ ಬಂದ ಅಪ್ಪ-ಅವ್ವನ್ನ ನಯಾಗರಾ ತೋರಸೂದು, ಯಾವುದೂ ಲೆಕ್ಕಕ್ಕ ಹಿಡದಿಲ್ಲ. ಮೊದಲ್ನೇ ಲೀಸಿನಾಗ ಗಣಿತದಾಗ ಶಾಣ್ಯಾ ಅನ್ನಿಸ್ಕೊಂಡ ನಾನ ಈ ಗುಣಾಕಾರ ಮಾಡ್ಲಿಲ್ಲ, ಕಡೀಗೆ ಬಂದ ಬಿಲ್ಲು ನೋಡಿ ನಮ್ಮಾಕಿ ಒಂದ ಮಾತು ಆಡ್ಲಿಲ್ಲ, ಅದು ಇನ್ನೂ ಕೆಟ್ಟ. ಮೊದಲ 15,000 ದ ಲೀಸ್ ಕೇಳಿದ್ರ ರೆಸಿಡುಯಲ್ ಸೊಲ್ಪ ಇಳೀತೈತಿ, 3 ಪರ್ಸೆಂಟ್ ಇಳದ್ರೂ ಮ್ಯಾಲಿನ ಲೆಕ್ಕದಾಗ ತಿಂಗಳಿಗೆ 25 ಡಾಲರ್ ಒಳಗ. ಮೂರು ವರ್ಷಕ್ಕ 900 ಸೈತ ಆಗೂದಿಲ್ಲ, 2,640 ಎಲ್ಲಿ, ಇದೆಲ್ಲಿ.

ಇನ್ನ ಮುಂಗಡ. ನಮ್ಮ ಮಂದಿಗೆ ಸಾಲ ಅಂದ್ರ ಎದಿ ಢವಢವ, ಎಷ್ಟ ಆಗ್ತೈತೋ ಅಷ್ಟ ಮೊದಲ ತುಂಬಿ ಕಂತು ಕಡಿಮಿ ಮಾಡ್ಕೊಂಡ್ರ ಶಾಣ್ಯಾತನ ಅಂತ ಅಪ್ಪ ಹೇಳಿಕೊಟ್ಟಾನ. ಮನಿ ಸಾಲಕ್ಕ ಅದು ಖರೆ, ಲೀಸಿಗೆ ಅಲ್ಲ. 4,000 ಡಾಲರ್ ಮುಂಗಡ ಕೊಟ್ಟು ಎರಡನೇ ತಿಂಗಳಿಗೆ ಹಿಮದಾಗ ಐ-96 ಮ್ಯಾಲೆ ಗಾಡಿ ಜಾರಿ ಟೋಟಲ್ ಆದ್ರ (ರಿಪೇರಿ ಮಾಡೂಕೂ ಬರದಂಗ ಹಾಳಾದ್ರ), ಇನ್ಶೂರೆನ್ಸ್ ರೊಕ್ಕ ಲೀಸ್ ಕಂಪನಿಗೆ ಹೋಗ್ತೈತಿ, ಲೀಸ್ ಬಾಕಿಗೆ ಕಡಿಮಿ ಬಿದ್ದಿದ್ದನ್ನ ಗ್ಯಾಪ್ ಕವರ್ ಇದ್ರ ಅದು ತುಂಬತೈತಿ, ನಿಮ್ಮ 4,000 ಮಾತ್ರ ಹೋತು ಅಂದ್ರ ಹೋತು. ಮೊದಲ್ನೇ ತಿಂಗಳಿಂದು, ಪ್ಲೇಟ್ ಫೀಸು, ಅಕ್ವಿಸಿಶನ್ ಫೀಸು (ಲೀಸ್ ಶುರು ಮಾಡೂಕ ಕಂಪನಿ ತಗೊಳ್ಳೂದು) ಇಷ್ಟ ಕೊಟ್ಟು ಹೊರಗ ಬರ್ರಿ, ಉಳಿದ ರೊಕ್ಕ ಬ್ಯಾಂಕಿನಾಗ ಇರ್ಲಿ.

ಕಾರ್ ಆರಿಸೂಕಿಂತ ಮೊದಲ ಇನ್ಶೂರೆನ್ಸ್ ಕೋಟ್ ತರಸ್ರಿ. ಡೆಟ್ರಾಯಿಟ್ ಸುತ್ತಲಿನ ಇನ್ಶೂರೆನ್ಸ್ ಭಾಳ ತುಟ್ಟಿ, ಮನಿ ಪಿನ್‌ಕೋಡ್ ಬದಲಾದ್ರ ರೇಟು ಬದಲಾಗ್ತೈತಿ. ಊರಾಗ ಇಪ್ಪತ್ತು ವರ್ಷ ಗಾಡಿ ಓಡಿಸಿದ್ರೂ ಬಹಳಷ್ಟ ಕಂಪನಿ ನಿಮ್ಮನ್ನ ಹೊಸಾ ಡ್ರೈವರ್ ಅಂತ ಹಿಡೀತಾವು. 2020 ಜುಲೈದಿಂದ ಇಲ್ಲಿನ ನೋ-ಫಾಲ್ಟ್ ಕಾನೂನು (ತಪ್ಪು ಯಾರದಿದ್ರೂ ಗಾಯದ ಖರ್ಚು ಅವರವರ ಇನ್ಶೂರೆನ್ಸ್ ಕೊಡೂದು) ಬದಲಾಗಿ, ವೈದ್ಯಕೀಯ ಕವರ್ ಎಷ್ಟ ಬೇಕು ಅಂತ ಆರಿಸ್ಕೊಳ್ಳಾಕ ಬರ್ತೈತಿ. ಆದ್ರ ಲೀಸಿನ ಗಾಡಿಗೆ ಕೊಲಿಶನ್ (ಡಿಕ್ಕಿ ಆದ್ರ), ಕಾಂಪ್ರಿಹೆನ್ಸಿವ್ (ಕಳವು, ಬೆಂಕಿ ಇಂಥಾವಕ್ಕ) ಎರಡೂ ಬೇಕ, ಅಲ್ಲಿ ಉಳ್ಸೂಕ ಹೋಗಬ್ಯಾಡ್ರಿ.

ಕ್ರೆಡಿಟ್ ಹಿಸ್ಟರಿ ಇಲ್ಲ ಅಂತ ಅಂದಾಗ ಫೈನಾನ್ಸ್‌ನವರು ಕೋ-ಸೈನರ್ ತರ್ರಿ ಅಂತಾರ. ನಮ್ಮ ಕಡೆ ಸೊಸಾಯಿಟಿ ಸಾಲಕ್ಕ ಜಾಮೀನು ನಿಂತು ಕಣ್ಣೀರು ಹಾಕಿದ ಕಾಕಾ, ಮಾಮಾಗೋಳು ಎಲ್ಲಾರ ಮನ್ಯಾಗೂ ಒಬ್ಬರರೆ ಅದಾರ. ಇಲ್ಲೂ ಅದ. ಕೇಳಿದೋರ್ನ ಬೈಯೂದಿಲ್ಲ, ಆದ್ರ ಮೊದಲ ಒಂದ ಸೆಕ್ಯೂರ್ಡ್ ಕ್ರೆಡಿಟ್ ಕಾರ್ಡ್ (ಡಿಪಾಸಿಟ್ ಇಟ್ಟು ತಗೊಳ್ಳೂದು) ತಗೊಂಡು ತಿಂಗಳ ತಿಂಗಳ ಪೂರಾ ತುಂಬ್ರಿ, ಆರ್ಯೋಳ ತಿಂಗಳು ಹಳೇ ಗಾಡಿ ಓಡಸ್ರಿ, ಆ ಮ್ಯಾಲೆ ಸ್ವಂತ ಹೆಸರಿನ ಮ್ಯಾಲೆ ಹೋಗ್ರಿ. ಇನ್ನೊಂದು ದಾರಿ ಲೀಸ್ ಟ್ರಾನ್ಸ್‌ಫರ್. ಕೆಲಸಾ ಬಿಟ್ಟು ಊರಿಗೆ ಹೊಂಟೋರ ಲೀಸಿನ ಉಳಿದ ಹದಿನಾಲ್ಕೋ ಇಪ್ಪತ್ತೋ ತಿಂಗಳು ನೀವು ತಗೊಳ್ಳೂದು. ಬಹಳ ಸಲ ಮುಂಗಡ ಇರೂದಿಲ್ಲ, ಅವಧಿ ಸಣ್ಣದು, ಹೊಸಬರಿಗೆ ಇದು ನಿಜವಾಗಿ ಛಲೋ. ಆದ್ರ ಕಂಪನಿ ಮೂಲಕ, ಕ್ರೆಡಿಟ್ ಚೆಕ್ ಆಗಿ, ನಿಮ್ಮ ಹೆಸರಿಗೆ ಬರ್ಕೊಂಡ್ರ ಮಾತ್ರ. ಕೆಲವು ಕಂಪನಿ ಬಿಡೂದ ಇಲ್ಲ, ಕೆಲವು ಮೊದಲ್ನೇವನ್ನ ಪೂರಾ ಕೈಬಿಡೂದಿಲ್ಲ. "ಏ ದೋಸ್ತ, ಕಾಗದಾ ಯಾಕ, ನೀ ಓಡಸು, ತಿಂಗಳಾ ನನಗ ಝೆಲ್ ಮಾಡು" (ಫೋನಿನಾಗ ರೊಕ್ಕ ಕಳಸು) ಅಂತ ಬಾಯಿ ಮಾತಿನ ಮ್ಯಾಲೆ ಮಾಡ್ಕೊಂಡ ವ್ಯವಹಾರ, ಆಕ್ಸಿಡೆಂಟ್ ಆದ ದಿವಸ ಗೊತ್ತಾಗ್ತೈತಿ, ಗಾಡಿ ಒಬ್ಬನ ಹೆಸರಿಗೆ, ಇನ್ಶೂರೆನ್ಸ್ ಒಬ್ಬನ ಹೆಸರಿಗೆ, ಓಡಸಾಂವ ಇನ್ನೊಬ್ಬ. ಒಂದ ಊರಿನ ಇಬ್ರು ಹುಡುಗ್ರು ಹಿಂಗ ಮಾಡ್ಕೊಂಡು ಈಗ ಯುಗಾದಿ ಊಟದಾಗ ಬ್ಯಾರೆ ಬ್ಯಾರೆ ಮೂಲ್ಯಾಗ ಕುಂದರ್ತಾರ.

ಶೋರೂಮಿಗೆ ಭಾನುವಾರ ಹೋಗಬ್ಯಾಡ್ರಿ, ಇಲ್ಲಿ ದೊಡ್ಡ ಕೌಂಟಿಗೋಳಾಗ (ನಮ್ಮ ಜಿಲ್ಲಾ ಇದ್ದಂಗ) ಭಾನುವಾರ ಕಾರ್ ಮಾರೂದು 1953ರ ಕಾನೂನಿನ ಪ್ರಕಾರ ಬಂದ್. ತಿಂಗಳ ಕೊನೀಗೆ, ವಾರದ ನಡುವ ಹೋಗ್ರಿ. ದುರ್ಗದಬೈಲಿನಾಗ ಕೊತಂಬ್ರಿ ಕಟ್ಟಿಗೆ ಎರಡ ರೂಪಾಯಿಗೆ ಅರ್ಧಾ ತಾಸು ಜಗಳಾಡೋ ನಮ್ಮ ಮಂದಿ ಇಲ್ಲಿ ಎಸಿ ಶೋರೂಮಿನಾಗ ಕಾಫಿ ಕೊಟ್ರ ಮೆತ್ತಗ ಆಗ್ತಾರ, ಅದೇನ ಮಾಯಾನೋ. ಎದ್ದು ಬರ್ರಿ, ಮರುದಿನ ಅವರ ಫೋನ್ ಮಾಡ್ತಾರ. ಫೋರ್ಡ್, ಜಿಎಂದಾಗ ಕೆಲಸಾ ಮಾಡೋರು ನಿಮಗ ಗೊತ್ತಿದ್ರ ಡಿಸ್ಕೌಂಟ್ ಕೇಳ್ರಿ, ಫೋರ್ಡಿಂದು ಎಕ್ಸ್-ಪ್ಲಾನ್ ಪಿನ್ ಅಂತ ಇರ್ತೈತಿ, ಸಪ್ಲೈಯರ್ ಕಡೆ ಇದ್ರ ನಿಮ್ಮ ಕಂಪನಿಗೇ ಅದು ಸಿಗಬಹುದು, ಎಚ್‌ಆರ್‌ಗೆ ಕೇಳಾಕ ನಾಚ್ಕೋಬ್ಯಾಡ್ರಿ. ಇವಿ ಲೀಸಿಗೆ 7,500 ಡಾಲರ್ ಬಿಡ್ತಾರ ಅಂತ ಹೇಳೋ ಯೂಟ್ಯೂಬ್ ವಿಡಿಯೋ ಇನ್ನೂ ತಿರಗ್ಯಾಡ್ಕೋತ ಅದಾವು, ಆ ಫೆಡರಲ್ ಸವಲತ್ತು 2025 ಸೆಪ್ಟೆಂಬರ್ 30ಕ್ಕ ಮುಗದೈತಿ. ಇನ್ನ ಫೈನಾನ್ಸ್ ರೂಮಿನಾಗ ಕೂಡ್ಸಿ ಬಣ್ಣಕ್ಕ ರಕ್ಷಣಾ, ಸೀಟಿಗೆ ರಕ್ಷಣಾ ಅಂತ ಹಚ್ಚತಾರ, ಎಲ್ಲಾದಕ್ಕೂ ಬ್ಯಾಡ ಅನ್ರಿ, ಟೈರ್-ರಿಮ್ ಕವರ್ ಒಂದಕ್ಕ ಮಾತ್ರ ವಿಚಾರ ಮಾಡ್ರಿ, ಮಾರ್ಚ್ ತಿಂಗಳಿನಾಗ ಇಲ್ಲಿನ ರಸ್ತೆ ತೆಗ್ಗು ನೋಡಿದ್ರ ಯಾಕಂತ ತಿಳೀತೈತಿ.

ಪೂಜಿ ವಿಷಯ. ಮಾಡ್ರಿ, ನಾವೂ ಮಾಡ್ತೀವಿ, ಗಾಲಿ ಕೆಳಗ ನಿಂಬಿಹಣ್ಣು, ಬಾನೆಟ್ ಮ್ಯಾಲೆ ಸ್ವಸ್ತಿಕ, ಪೇಢೆ ಹಂಚೂದು, ಎಲ್ಲಾ. ಅರಿಶಿನ-ಕುಂಕುಮ ಅವತ್ತ ಸಂಜೀಕ ತೊಳೀರಿ, ಸಿದ್ಧಾರೂಢರ ಮೂರ್ತಿನ ಡ್ಯಾಶ್‌ಬೋರ್ಡಿಗೆ ಫೆವಿಕ್ವಿಕ್ ಹಾಕಿ ಅಂಟಸಬ್ಯಾಡ್ರಿ, ವಾಪಸ್ ಕೊಡೋ ಮುಂದ ಇನ್ಸ್ಪೆಕ್ಟರ್ ಟ್ಯಾಬ್ಲೆಟ್ ಹಿಡದು ಆ ಅಂಟಿನ ಗುರ್ತಿನ ಫೋಟೋ ಹೊಡೀತಾನ, ಎಕ್ಸೆಸ್ ವೇರ್ (ಮಿತಿ ಮೀರಿದ ಸವೆತ, ರೊಕ್ಕ ಕೊಡ್ಬೇಕು) ಅಂತ ಬರೀತಾನ. ಬಿಳೇ ಸೀಟಿನ ಮ್ಯಾಲೆ ಮಿರ್ಚಿ ಭಜಿ ಎಣ್ಣಿ ಬಿದ್ರ ಹೋಗೂದಿಲ್ಲ, ಕಪ್ಪು ಸೀಟು ತಗೋರಿ.

ಮಗಾ ಸಣ್ಣಾಂವ ಇದ್ದಾಗ ಮೊದಲ್ನೇ ಲೀಸಿನ ಗಾಡಿಗೆ ಬಸವಣ್ಣ ಅಂತ ಹೆಸರಿಟ್ಟಿದ್ದ, ಅಜ್ಜನ ಹೊಲದಾಗಿನ ಎತ್ತಿನ ಫೋಟೋ ನೋಡಿ. ಕೀಲಿ ಕೊಟ್ಟು ಬರೋ ದಿವಸ ಶೋರೂಮಿನಾಗ ನೆಲದ ಮ್ಯಾಲೆ ಬಿದ್ದು ಅತ್ತ, ನಮ್ಮ ಗಾಡಿ ಅವರಿಗೆ ಯಾಕ ಕೊಟ್ರಿ ಅಂತ. ನಮ್ಮದಲ್ಲಪ್ಪ ಅಂತ ತಿಳಿಸಿ ಹೇಳಾಕ ಆಗ್ಲಿಲ್ಲ. ಧಾರವಾಡದಾಗ ನಮ್ಮಪ್ಪ ಒಂದ ಬಜಾಜ್ ಚೇತಕ್ ನಾ ಕಾಲೇಜ್ ಮುಗಸೋತನಕ ಓಡಿಸ್ದಾ, ಅದರ ಕಿಕ್ ಸಪ್ಪಳಕ್ಕ ಓಣಿ ನಾಯಿ ಬಾಲ ಅಲ್ಲಾಡಸ್ತಿತ್ತು. ಇಲ್ಲಿ ಎಚ್-1ಬಿ ಕೆಲಸದ ವೀಸಾ ಮೂರು ವರ್ಷ, ಲೀಸೂ ಮೂರು ವರ್ಷ, ಬಾಡಿಗಿ ಮನಿ ಕರಾರು ಒಂದ ವರ್ಷ, ಯಾವುದಕ್ಕೂ ಮೊಳಿ ಹೊಡ್ಯಾಕ ಮನಸ್ಸ ಬರೂದಿಲ್ಲ. ಈಗ ಆ ಮಗಾ ಹೈಸ್ಕೂಲು, ಯಾವ ಗಾಡಿ ಬಂದ್ರೂ ಹೋದ್ರೂ ತಲಿ ಎತ್ತಿ ನೋಡೂದಿಲ್ಲ, "ಅಪ್ಪಾ, ನೆಕ್ಸ್ಟ್ ಯಾವ್ದು" ಅಂತಾನ. ಅವ ಸುಧಾರಿಸ್ಕೊಂಡ ಅಂತ ಖುಷಿ ಪಡ್ಬೇಕೋ ಏನೋ, ನನಗ ತಿಳಿವಲ್ದು. ಈ ಮಾತು ಕಾರ್ ಬಗ್ಗೆ ಬರ್ಯಾಕ ಹೋಗಿ ಎಲ್ಲೆಲ್ಲೋ ಹೋತು, ಇರ್ಲಿ. ವೀಸಾ ಮಾತು ಬಂದದ್ದಕ್ಕ ಇದನ್ನೂ ಹೇಳ್ತೀನಿ, ಕೆಲಸಾ ಹೋದ್ರ ಎಚ್-1ಬಿಯವರಿಗೆ ಬ್ಯಾರೆ ಕೆಲಸ ಹುಡುಕೂಕ ಇಲ್ಲಾ ಊರಿಗೆ ಹೋಗೂಕ ಸಿಗೂದು ಹೆಚ್ಚಂದ್ರ 60 ದಿವಸ, ಆದ್ರ ಲೀಸಿನ ಉಳಿದ ತಿಂಗಳು ನಿಮ್ಮ ತಲಿ ಮ್ಯಾಲೆ ಇರ್ತಾವು, ನಡುವ ಬಿಟ್ರ ದಂಡ ಭಾಳ. ಅದಕ್ಕ ಟ್ರಾನ್ಸ್‌ಫರ್‌ಗೆ ಬಿಡೋ ಕಂಪನಿಯ ಲೀಸನ್ನ ನೋಡ್ಕೊಂಡು ತಗೋರಿ.

ಕೊನೀಗೆ ವಾಪಸ್ ಕೊಡೋ ಮುಂದ 300-400 ಡಾಲರ್ ಡಿಸ್ಪೊಸಿಶನ್ ಫೀಸ್ ಅಂತ ಕೇಳ್ತಾರ, ಅದ ಕಂಪನಿಯ ಇನ್ನೊಂದು ಗಾಡಿ ತಗೊಂಡ್ರ ಬಹಳ ಸಲ ಬಿಡ್ತಾರ. ಕೀಲಿ ಕೊಡೂಕಿಂತ ಮೊದಲ ಒಪ್ಪಂದದಾಗಿನ ರೆಸಿಡುಯಲ್ ತಗದು ಈಗಿನ ಮಾರ್ಕೆಟ್ ರೇಟಿನ ಜೋಡಿ ಹೋಲಿಸ್ರಿ. 2021-22ರಾಗ ಚಿಪ್ ಕೊರತೆ ಆಗಿ ಹಳೇ ಗಾಡಿ ರೇಟು ಆಕಾಶಕ್ಕ ಏರಿತ್ತು, ತಿಳದೋರು ರೆಸಿಡುಯಲ್ ರೇಟಿಗೆ ತಾವ ಕೊಂಡು ಮಾರಿ ಸಾವಿರಗಟ್ಟಲೆ ಉಳಿಸ್ಕೊಂಡ್ರು, ನಮ್ಮ ಬಹಳಷ್ಟ ಮಂದಿ ಥ್ಯಾಂಕ್ಯೂ ಅಂತ ಹೇಳಿ ಕೀಲಿ ಇಟ್ಟ ಬಂದ್ರು. ಇನ್ನ ನಂಬರ್ ಪ್ಲೇಟ್ ಬಿಚ್ಕೊಂಡ ಬರ್ರಿ ಮತ್ತ, ಮಿಶಿಗನ್‌ದಾಗ ಪ್ಲೇಟ್ ನಿಮ್ಮದು, ಮುಂದಿನ ಗಾಡಿಗೆ ಅದನ್ನ ಹಾಕಾಕ ಬರ್ತೈತಿ.