ಇಂಡೆಕ್ಸ್ ಡಿವೈಡರ್ ಪ್ರಿಂಟ್ ಮಾಡಿಸುವುದು ಹೇಗೆ? ಮೊದಲು ಪಟ್ಟಿ, ಆಮೇಲೆ ಡಿಸೈನ್

ಬೆಳಗಾವಿಯ ಉದ್ಯಮಬಾಗದಲ್ಲಿ ಯಾವ ಫೌಂಡ್ರಿಯ ಆಫೀಸಿಗೆ ಹೋದರೂ ಕಪಾಟಿನ ತುಂಬ ಬಾಕ್ಸ್ ಫೈಲ್. ಆಡಿಟ್‌ಗೆ ಬಂದವರು ಕ್ಯಾಲಿಬ್ರೇಶನ್ (ಅಳತೆ ಉಪಕರಣ ಸರಿ ತೋರಿಸುತ್ತದೆಯೇ ಅನ್ನುವ ಪರೀಕ್ಷೆ) ರೆಕಾರ್ಡ್ ಕೇಳುತ್ತಾರೆ. ಆಗ ನಾಲ್ಕು ಜನ ಸೇರಿ ಹಾಳೆ ತಿರುವಲು ಶುರು ಮಾಡುತ್ತಾರೆ. ಕಾಲೇಜುಗಳಲ್ಲೂ ಇದೇ ಕಥೆ, ವಕೀಲರ ಕಚೇರಿಗಳಲ್ಲೂ ಇದೇ ಕಥೆ. ಹಾಳೆಗಳ ನಡುವೆ ಅಂಚಿನಿಂದ ಹೊರಗೆ ಇಣುಕುವ ದಪ್ಪ ಕಾರ್ಡುಗಳಿದ್ದರೆ ಈ ಪರದಾಟ ತಪ್ಪುತ್ತದೆ. ಅಂಗಡಿಗಳಲ್ಲಿ ಇವನ್ನು ಡಿವೈಡರ್ ಅಂತಲೂ ಸೆಪರೇಟರ್ ಅಂತಲೂ ಕೇಳಿ ಪಡೆಯಬಹುದು.

ಎರಡು ಮೂರು ಫೈಲಿಗಷ್ಟೇ ಬೇಕಿದ್ದರೆ ಪ್ರಿಂಟ್ ಮಾಡಿಸುವ ಗೊಡವೆಗೆ ಹೋಗಬೇಡಿ. ಖಡೇ ಬಜಾರದಲ್ಲಿ 1ರಿಂದ 10ರವರೆಗೆ ಅಂಕಿ ಇರುವ ರೆಡಿಮೇಡ್ ಪ್ಲಾಸ್ಟಿಕ್ ಸೆಟ್ ತಂದು ಲೇಬಲ್ ಹಚ್ಚಿದರೆ ಆಯಿತು. ಐವತ್ತು ಫೈಲು, ಎಲ್ಲಕ್ಕೂ ಒಂದೇ ಕ್ರಮ, ಮೇಲೆ ಕಂಪನಿಯ ಹೆಸರು ಬೇರೆ ಬೇಕು ಅನ್ನುವವರು ಮುಂದೆ ಓದಿ. ಉದಾಹರಣೆಗೆ ಫೌಂಡ್ರಿಯೊಂದರ ಐಎಸ್‌ಒ ಫೈಲನ್ನೇ, ಅಂದರೆ ಗುಣಮಟ್ಟದ ಸರ್ಟಿಫಿಕೇಟಿಗೆ ಇಡುವ ದಾಖಲೆಗಳ ಫೈಲನ್ನೇ ಇಟ್ಟುಕೊಳ್ಳೋಣ.

1. ಪಟ್ಟಿ ಬರೆಯಿರಿ

ಕಂಪ್ಯೂಟರಿನಲ್ಲಿ ಡಿಸೈನ್ ಫೈಲ್ ತೆರೆಯುವ ಮೊದಲು ಎಕ್ಸೆಲ್ ತೆರೆಯಿರಿ. ಐಎಸ್‌ಒ 9001ರ 2015ರ ಆವೃತ್ತಿಯಲ್ಲಿ ಒಟ್ಟು 10 ವಿಭಾಗ. ಮೊದಲ ಮೂರರಲ್ಲಿ ವ್ಯಾಪ್ತಿ, ಉಲ್ಲೇಖ, ಪದಗಳ ಅರ್ಥ ಅಷ್ಟೇ. ಪಾಲಿಸಬೇಕಾದ ನಿಯಮಗಳೆಲ್ಲ ಇರುವುದು 4ರಿಂದ 10ರವರೆಗೆ. ಅಂದರೆ ನಮಗೆ ಬೇಕಾದದ್ದು 7 ಟ್ಯಾಬ್ (ಕಾರ್ಡಿನ ಅಂಚಿನಿಂದ ಹೊರಗೆ ಚಾಚುವ, ಹೆಸರು ಹಾಕುವ ತುಂಡು): ಸಂಸ್ಥೆಯ ಹಿನ್ನೆಲೆ, ನಾಯಕತ್ವ, ಯೋಜನೆ, ಬೆಂಬಲ, ಕಾರ್ಯಾಚರಣೆ, ಸಾಧನೆಯ ಮೌಲ್ಯಮಾಪನ, ಸುಧಾರಣೆ. ಅಳತೆ ಉಪಕರಣಗಳ ಕ್ಯಾಲಿಬ್ರೇಶನ್ 7ನೇ ವಿಭಾಗದಲ್ಲಿ, ಅಂದರೆ 'ಬೆಂಬಲ' ಟ್ಯಾಬಿನ ಕೆಳಗೆ ಬರುತ್ತದೆ. ಕಾಲೇಜಿನವರಿಗೂ ಈ ಲೆಕ್ಕ ಹೊಂದುತ್ತದೆ. ಇಷ್ಟು ವರ್ಷ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ಸಂಸ್ಥೆ) ಫೈಲುಗಳು ತಯಾರಾದದ್ದು 7 ಮಾನದಂಡಗಳ ಪ್ರಕಾರವೇ ಅಲ್ವಾ.

ಎಕ್ಸೆಲ್‌ನಲ್ಲಿ ನಾಲ್ಕು ಕಾಲಂ ಸಾಕು: ಕಾರ್ಡಿನ ಕ್ರಮಸಂಖ್ಯೆ, ಮೇಲಿನಿಂದ ಎಷ್ಟನೇ ಜಾಗ, ಮುಂಭಾಗದ ಬರಹ, ಹಿಂಭಾಗದ ಬರಹ. ಒಬ್ಬರು ಟೈಪ್ ಮಾಡಲಿ, ಇನ್ನೊಬ್ಬರು ಗಟ್ಟಿಯಾಗಿ ಓದಿ ತಾಳೆ ನೋಡಲಿ. ಸಾಹೇಬರ ಸಹಿಯೂ ಈ ಪಟ್ಟಿಯ ಮೇಲೆ ಈಗಲೇ ಬೀಳಲಿ. ಡಿಸೈನ್ ಆದ ಮೇಲೆ "ಯೋಜನೆ ಬ್ಯಾಡ, ಪ್ಲಾನಿಂಗ್ ಅಂತ ಹಾಕ್ರಿ" ಅಂದರೆ ಆ ಕಾರ್ಡಿನ ಎರಡೂ ಬದಿ ಮತ್ತೆ ತಿದ್ದಬೇಕು.

2. ಅಳತೆ ಹಾಕಿ

ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಎತ್ತರ. ಟ್ಯಾಬ್ ಅದರಾಚೆ ಸಾಮಾನ್ಯವಾಗಿ ಅರ್ಧ ಇಂಚು, ಅಂದರೆ 12.7 ಮಿ.ಮೀ. ಚಾಚಿರುತ್ತದೆ. ಹಾಗಾಗಿ ನಿಮ್ಮ ಪುಟದ ಅಗಲ 210 ಅಲ್ಲ, ಹತ್ತಿರ ಹತ್ತಿರ 223 ಮಿ.ಮೀ. ಪ್ರೆಸ್‌ಗೆ ಬರುವ ಫೈಲುಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಎ4 ಪುಟದ ಒಳಗೇ ಟ್ಯಾಬ್ ಬಿಡಿಸಿ ಕಳಿಸಿರುತ್ತಾರೆ. ಹಾಗೆ ಕತ್ತರಿಸಿದರೆ ಟ್ಯಾಬ್ ಹಾಳೆಗಳ ಹಿಂದೆ ಅಡಗಿ ಕೂರುತ್ತದೆ.

ಇದಕ್ಕೂ ಮೊದಲು ನಿಮ್ಮ ಬಾಕ್ಸ್ ಫೈಲಿಗೆ ಸ್ಕೇಲ್ ಹಿಡಿದು ನೋಡಿ. ಮುಚ್ಚಳ ಎ4 ಅಳತೆಗೆ ಬಿಗಿಯಾಗಿದ್ದರೆ ಟ್ಯಾಬ್ ಹೊರಗೆ ಬಂದು ಮಡಚಿಕೊಳ್ಳುತ್ತದೆ. ದೊಡ್ಡ ಅಳತೆಯ ಫೈಲ್ ಆದರೆ ತೊಂದರೆ ಇಲ್ಲ. ಸರ್ಟಿಫಿಕೇಟುಗಳನ್ನು ಪ್ಲಾಸ್ಟಿಕ್ ಶೀಟ್ ಪ್ರೊಟೆಕ್ಟರಿನಲ್ಲಿ ಹಾಕಿಡುವ ರೂಢಿ ಇದ್ದರೆ ಇನ್ನೊಂದು ಮಾತು. ಆ ಪ್ಲಾಸ್ಟಿಕ್ ಎ4ಗಿಂತ ಅಗಲ ಇರುವುದರಿಂದ ಅರ್ಧ ಇಂಚಿನ ಟ್ಯಾಬ್ ಅದರ ಹಿಂದೆ ಮುಚ್ಚಿಹೋಗುತ್ತದೆ. ಆಗ ಕಾರ್ಡನ್ನೇ ಇನ್ನಷ್ಟು ಅಗಲ ಮಾಡಬೇಕು.

ಈಗ ಎತ್ತರವನ್ನು ಪಾಲು ಮಾಡೋಣ. ಮೇಲೆ ಕೆಳಗೆ 8.5 ಮಿ.ಮೀ. ಬಿಟ್ಟರೆ ಉಳಿಯುವುದು 280. ಇದನ್ನು 7ರಿಂದ ಭಾಗಿಸಿದರೆ ಒಂದು ಟ್ಯಾಬಿಗೆ 40 ಮಿ.ಮೀ. ಮೊದಲನೆಯದು ಮೇಲಿನಿಂದ 8.5ಕ್ಕೆ ಶುರುವಾಗಿ 48.5ಕ್ಕೆ ಮುಗಿಯುತ್ತದೆ. ಎರಡನೆಯದು ಅಲ್ಲಿಂದ 88.5ರವರೆಗೆ. ಏಳನೆಯದು 288.5ಕ್ಕೆ ನಿಲ್ಲುತ್ತದೆ. ಐದು ಟ್ಯಾಬ್ ಆದರೆ ಒಂದಕ್ಕೆ 56, ಎಂಟಾದರೆ 35, ಹತ್ತಾದರೆ 28 ಮಿ.ಮೀ. ಸಿಗುತ್ತದೆ. ಹನ್ನೆರಡು ಬೇಕೆಂದರೆ ಒಂದೇ ಸಾಲಿನಲ್ಲಿ ತುರುಕಬೇಡಿ. ಆರಾರರ ಎರಡು ಸುತ್ತು ಮಾಡಿ. ಏಳನೇ ಕಾರ್ಡಿನ ಟ್ಯಾಬ್ ಮತ್ತೆ ಮೇಲಿನಿಂದಲೇ ಶುರುವಾಗಲಿ.

ಟ್ಯಾಬಿನ ಎರಡು ಪಕ್ಕ ನೇರ ಇರುವುದಿಲ್ಲ, ಓರೆಯಾಗಿ ಇಳಿದಿರುತ್ತವೆ. ಪಕ್ಕಕ್ಕೆ 4 ಮಿ.ಮೀ. ಓರೆಗೆ ಹೋಯಿತು, 3 ಮಿ.ಮೀ. ಅಂಚಿನ ಎಚ್ಚರಿಕೆಗೆ ಹೋಯಿತು ಅಂದುಕೊಳ್ಳಿ. 40ರಲ್ಲಿ ಅಕ್ಷರಕ್ಕೆ ಉಳಿಯುವುದು 26 ಮಿ.ಮೀ. ಮಾತ್ರ. 'ಸಾಧನೆಯ ಮೌಲ್ಯಮಾಪನ' ಒಂದೇ ಸಾಲಿನಲ್ಲಿ ಕೂರುವುದಿಲ್ಲ, ಎರಡು ಸಾಲು ಮಾಡಲೇಬೇಕು.

3. ಕನ್ನಡ ಅಕ್ಷರಕ್ಕೆ ಜಾಗ ಕೊಡಿ

ಇಂಗ್ಲಿಷ್ ಟೆಂಪ್ಲೇಟ್ ಇಳಿಸಿಕೊಂಡು ಅದರಲ್ಲಿ ಕನ್ನಡ ತುಂಬುವವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಬಲಬದಿಯ ಟ್ಯಾಬಿನಲ್ಲಿ ಬರಹ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಅಕ್ಷರದ ತಲೆ ಹೊರಗಿನ ಅಂಚಿನ ಕಡೆ, ಬುಡ ಹಾಳೆಯ ಕಡೆ. 'ಕೀ', 'ರ್ಥಿ' ಮೊದಲಾದವುಗಳ ಗುಡಿಸು ಕತ್ತರಿಯ ಬಾಯಿಗೆ ಹತ್ತಿರ ಇರುತ್ತದೆ. 'ಲ್ಯ', 'ತ್ವ' ಇವುಗಳ ಒತ್ತು ಹಾಳೆಯ ಕಡೆ ಇಳಿದಿರುತ್ತದೆ, ಮುಂದಿನ ಕಾಗದಗಳು ಸ್ವಲ್ಪ ಸರಿದರೂ ಮುಚ್ಚಿಹೋಗುತ್ತದೆ. ಆದ್ದರಿಂದ ಹೊರಗಿನ ಅಂಚಿನಿಂದ 3 ಮಿ.ಮೀ., ಹಾಳೆಯ ಗೆರೆಯಿಂದ ಒಂದೂವರೆ ಮಿ.ಮೀ. ಖಾಲಿ ಬಿಡಿ. ನಡುವೆ ಸುಮಾರು 8 ಮಿ.ಮೀ. ಉಳಿಯುತ್ತದೆ. 8 ಪಾಯಿಂಟ್ ಅಕ್ಷರ, ಸಾಲಿಂದ ಸಾಲಿಗೆ 11 ಪಾಯಿಂಟ್ ಇಟ್ಟರೆ ಎರಡು ಸಾಲು ಉಸಿರಾಡುವಷ್ಟು ಕೂರುತ್ತವೆ. ಇನ್ನೂ ಚಿಕ್ಕದು ಮಾಡಿದರೆ ಒತ್ತು ಬರೀ ಚುಕ್ಕೆಯಾಗಿ ಕಾಣುತ್ತದೆ. ಅಕ್ಷರ ಕುಗ್ಗಿಸುವ ಬದಲು ಪದ ಕಡಿಮೆ ಮಾಡಿ. 'ಸಾಧನೆಯ ಮೌಲ್ಯಮಾಪನ' ದೊಡ್ಡದಾಯಿತು ಅನ್ನಿಸಿದರೆ ಟ್ಯಾಬಿನ ಮೇಲೆ '9 ಮೌಲ್ಯಮಾಪನ' ಅಂತ ಹಾಕಿ, ಪೂರ್ತಿ ಹೆಸರು ಕಾರ್ಡಿನ ನಡುವೆ ಬರಲಿ.

ಫಾಂಟಿನ ವಿಷಯ ಬೇರೆಯೇ ತಲೆನೋವು. ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವಿಚಿತ್ರ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಆ ಕಾಟ ಇಲ್ಲ. ಆದರೆ ಹಳೆಯ ಸಾಫ್ಟ್‌ವೇರ್‌ಗಳು ಯೂನಿಕೋಡ್ ಕನ್ನಡದ ಒತ್ತಕ್ಷರ ಒಡೆಯುತ್ತವೆ. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡಿಕೊಂಡರೆ ಅಕ್ಷರ ಸರಿಯಾಗಿ ಕೂಡುತ್ತದೆ. ನಮ್ಮ ಕಡೆ ಕೋರೆಲ್ ಡ್ರಾ ಬಳಕೆ ಜಾಸ್ತಿ. ಅದರಲ್ಲಿ ಎಲ್ಲ ತಿದ್ದುಪಡಿ ಮುಗಿದ ಮೇಲೆ ಅಕ್ಷರಗಳನ್ನು ಕರ್ವ್ಸ್ ಮಾಡಿ, ಅಂದರೆ ಬರೀ ಗೆರೆಗಳ ಚಿತ್ರವಾಗಿ ಬದಲಿಸಿ. ಆಮೇಲೆ ಯಾವ ಫಾಂಟ್ ಇಲ್ಲದಿದ್ದರೂ ಆಕಾರ ಬದಲಾಗುವುದಿಲ್ಲ. ಕರ್ವ್ಸ್ ಮಾಡದ ಪ್ರತಿಯೊಂದನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಮುಂದಿನ ವರ್ಷ ತಿದ್ದಲು ಬೇಕಾಗುತ್ತದೆ. ಕನ್ನಡದ ಜೊತೆ ಮರಾಠಿಯನ್ನೂ ಹಾಕುವುದಿದ್ದರೆ ಆ ಅಕ್ಷರಗಳಿಗೂ ಇದೇ ನಿಯಮ. ಮರಾಠಿ ಬಲ್ಲವರೊಬ್ಬರಿಂದ ಓದಿಸಿಯೇ ಮುಂದುವರಿಯಿರಿ.

4. ಹಿಂಬದಿ

ಕಾರ್ಡನ್ನು ತಿರುವಿದಾಗ ಟ್ಯಾಬ್ ಎಡಕ್ಕೆ ಬರುತ್ತದೆ. ಹಿಂಭಾಗದ ಪುಟದಲ್ಲಿ ಚಾಚಿದ 12.7 ಮಿ.ಮೀ. ಭಾಗ ಎಡಬದಿಗೆ, ಪಂಚ್ ತೂತು ಬಲಬದಿಗೆ. ಮೇಲಿನಿಂದ ಇರುವ ಅಳತೆ ಮಾತ್ರ ಅಷ್ಟೇ ಇರುತ್ತದೆ. ಮುಂಭಾಗವನ್ನು ಹಾಗೇ ಕಾಪಿ ಮಾಡಿ ಹಿಂದೆ ಹಾಕಿದರೆ ಬರಹವೆಲ್ಲ ಟ್ಯಾಬ್ ಬಿಟ್ಟು ತೂತಿನ ಕಡೆ ಹೋಗುತ್ತದೆ. ಎರಡೂ ಬದಿಯಲ್ಲಿ ಅಕ್ಷರದ ತಲೆ ಹೊರಗಿನ ಅಂಚಿಗೇ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಬೇರೆ ಥರ ಬೇಕಿದ್ದರೂ ಆಗುತ್ತದೆ, ಆದರೆ ಏಳು ಕಾರ್ಡಿಗೂ ಒಂದೇ ಥರ ಇರಬೇಕು. ಪ್ರಿಂಟ್ ಕೊಡುವಾಗ ಉದ್ದದ ಅಂಚಿನ ಮೇಲೆ ತಿರುವಬೇಕು ಅಂತ ಬರೆದು ಕೊಡಿ. ಗಿಡ್ಡ ಅಂಚಿನ ಮೇಲೆ ತಿರುವಿದರೆ ಮೊದಲ ಟ್ಯಾಬಿನ ಹಿಂದಿನ ಬರಹ ಏಳನೆಯದರ ಜಾಗಕ್ಕೆ ಇಳಿಯುತ್ತದೆ.

ತೂತಿನ ಜಾಗವನ್ನೂ ಗುರುತಿಸಿ. ಎರಡು ತೂತಿನ ಪಂಚ್‌ನಲ್ಲಿ ಕೇಂದ್ರದಿಂದ ಕೇಂದ್ರಕ್ಕೆ 80 ಮಿ.ಮೀ., ಅಂಚಿನಿಂದ 12 ಮಿ.ಮೀ., ತೂತಿನ ಅಗಲ 6 ಮಿ.ಮೀ. ಆ ಬದಿಯಲ್ಲಿ 20 ಮಿ.ಮೀ. ಖಾಲಿ ಬಿಟ್ಟರೆ ಲೋಗೋ ನಡುವೆ ತೂತು ಬೀಳುವುದಿಲ್ಲ.

5. ಬಣ್ಣ, ಫೋಟೋ, ಬ್ಲೀಡ್

"ಬ್ಲೀಡ್ ಎಲ್ಲೈತ್ರಿ ಸರ?" ಪ್ರೆಸ್‌ನವರು ಫೈಲ್ ತೆರೆದ ಕೂಡಲೇ ಕೇಳುವ ಪ್ರಶ್ನೆ ಇದು. ಅಂಚಿನವರೆಗೆ ಬಣ್ಣ ಇದ್ದರೆ ಅದನ್ನು ಕತ್ತರಿಸುವ ಗೆರೆಯಾಚೆ 3 ಮಿ.ಮೀ. ಎಳೆಯಿರಿ, ಆ ಹೆಚ್ಚುವರಿ ಬಣ್ಣವೇ ಬ್ಲೀಡ್. ಟ್ಯಾಬಿನ ಓರೆ ಅಂಚಿಗೂ ಇದೇ ಲೆಕ್ಕ. ಡೈ (ಕಾರ್ಡನ್ನು ಟ್ಯಾಬಿನ ಆಕಾರಕ್ಕೆ ಕತ್ತರಿಸುವ ಅಚ್ಚು) ಹೊಡೆಯುವಾಗ ಹಾಳೆ ಒಂದು ಮಿ.ಮೀ. ಅತ್ತಿತ್ತ ಸರಿಯುವುದು ಸಹಜ. ಹಾಗಾಗಿ ಟ್ಯಾಬಿನ ಬಣ್ಣವನ್ನು ಹಾಳೆಯ ಗೆರೆಗೆ ಸರಿಯಾಗಿ ನಿಲ್ಲಿಸಲು ಹೋಗಬೇಡಿ. ಒಳಗೂ 3 ಮಿ.ಮೀ. ಹರಿಯಲಿ, ಸರಿದರೂ ಬಿಳಿ ಎಳೆ ಕಾಣುವುದಿಲ್ಲ.

ಬಣ್ಣ ಸಿಎಂವೈಕೆಯಲ್ಲಿರಲಿ, ಅಂದರೆ ಅಚ್ಚಿನ ನಾಲ್ಕು ಶಾಯಿಗಳ ಲೆಕ್ಕದಲ್ಲಿ. ಕಪ್ಪು ಅಕ್ಷರ ಬರೀ ಕಪ್ಪು ಶಾಯಿಯಲ್ಲಿ, ಶೇ 100ರಲ್ಲಿ ಇರಬೇಕು. ಆರ್‌ಜಿಬಿಯ (ಸ್ಕ್ರೀನಿನ ಬಣ್ಣದ ಲೆಕ್ಕ) ಕಪ್ಪು ನಾಲ್ಕು ಬಣ್ಣ ಸೇರಿ ಆಗುವ ಕಪ್ಪಾಗಿಬಿಡುತ್ತದೆ, ಕೂದಲೆಳೆ ಸರಿದರೂ 8 ಪಾಯಿಂಟ್ ಅಕ್ಷರಕ್ಕೆ ನೆರಳು ಬರುತ್ತದೆ. ಗಾಢ ಬಣ್ಣದ ಮೇಲೆ ಬಿಳಿ ಅಕ್ಷರ ಹಾಕುವುದಾದರೆ ದಪ್ಪ ಫಾಂಟ್ ಬಳಸಿ.

ಕಾರ್ಡಿನ ತುಂಬ ಗೋಕಾಕ ಫಾಲ್ಸ್ ಫೋಟೋ ಬೇಕು ಅನ್ನುವವರೂ ಇದ್ದಾರೆ. ಹಾಕಿಸಿ, ಬೇಡ ಅನ್ನುವುದಿಲ್ಲ. ಆದರೆ ಬ್ಲೀಡ್ ಸೇರಿ 229 × 303 ಮಿ.ಮೀ. ಪುಟಕ್ಕೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ ಸುಮಾರು 2705 × 3579 ಪಿಕ್ಸೆಲ್ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಬಂದದ್ದು ಸಾಮಾನ್ಯವಾಗಿ ಉದ್ದಕ್ಕೆ 1600 ಪಿಕ್ಸೆಲ್ ಆಸುಪಾಸಿಗೆ ಇಳಿದಿರುತ್ತದೆ. ಅದನ್ನು ಈ ಅಳತೆಗೆ ಎಳೆದರೆ ಮಸುಕು ಗ್ಯಾರಂಟಿ. ಅದೇ ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿಕೊಂಡರೆ ಮೂಲ ಫೋಟೋ ಹಾಗೇ ಬರುತ್ತದೆ.

6. ಡೈ ಗೆರೆ, ಪಿಡಿಎಫ್

ಕತ್ತರಿಸುವ ಆಕಾರವನ್ನು ಬೇರೆ ಲೇಯರ್‌ನಲ್ಲಿ, ಡಿಸೈನಿನಲ್ಲಿ ಎಲ್ಲೂ ಬಳಸದ ಸ್ಪಾಟ್ ಬಣ್ಣದಲ್ಲಿ (ಬೇರೆಯಾಗಿ ಹೆಸರಿಟ್ಟ ಬಣ್ಣ), ತೆಳು ಗೆರೆಯಾಗಿ ಎಳೆಯಿರಿ. ಅದಕ್ಕೆ ಓವರ್‌ಪ್ರಿಂಟ್ (ಕೆಳಗಿನ ಬಣ್ಣ ಅಳಿಸದೆ ಮೇಲೆ ಕೂರುವ ಆಯ್ಕೆ) ಕೊಟ್ಟು ಲೇಯರ್‌ಗೆ 'ಡೈ' ಅಂತ ಹೆಸರಿಡಿ. ಆಗ ಅದು ಕಾರ್ಡಿನ ಮೇಲೆ ಅಚ್ಚಾಗಬಾರದು ಅನ್ನುವುದು ಪ್ರೆಸ್‌ನವರಿಗೆ ತಿಳಿಯುತ್ತದೆ.

ಪಿಡಿಎಫ್‌ನಲ್ಲಿ ಪುಟದ ಕ್ರಮ ಒಂದರ ಮುಂದೆ, ಒಂದರ ಹಿಂದೆ, ಎರಡರ ಮುಂದೆ, ಎರಡರ ಹಿಂದೆ ಹೀಗಿರಲಿ. ಏಳು ಕಾರ್ಡಿಗೆ 14 ಪುಟ. ಹಿಂದೆ ಏನೂ ಇಲ್ಲದಿದ್ದರೂ ಖಾಲಿ ಪುಟ ಇರಬೇಕು, ಇಲ್ಲದಿದ್ದರೆ ಸಾಲೆಲ್ಲ ಒಂದು ಪುಟ ಮುಂದಕ್ಕೆ ಜಾರುತ್ತದೆ. ಫೈಲ್ ಹೆಸರಿನಲ್ಲಿ ದಿನಾಂಕ ಹಾಕಿ. 'ಫೈನಲ್', 'ಫೈನಲ್ ಫೈನಲ್', 'ಲಾಸ್ಟ್ ಫೈನಲ್' ಅಂತ ಮೂರು ಫೈಲ್ ಕಳಿಸಿದರೆ ಪ್ರೆಸ್‌ನವರು ಯಾವುದನ್ನು ನಂಬಬೇಕು?

7. ಪ್ರೆಸ್‌ನಲ್ಲಿ ಕೇಳಬೇಕಾದದ್ದು

250ರಿಂದ 300 ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ಅನ್ನುವ ಲೆಕ್ಕ) ಕಾರ್ಡ್ ಸಾಕಾಗುತ್ತದೆ. ಬೆಳಗಾವಿಯ ಮಳೆಗಾಲ ನಿಮಗೆ ಗೊತ್ತೇ ಇದೆ. ಒಂದೇ ಬದಿಗೆ ಲ್ಯಾಮಿನೇಶನ್ ಮಾಡಿಸಿದರೆ ಇನ್ನೊಂದು ಬದಿ ತೇವ ಹೀರಿ ಕಾರ್ಡ್ ಬಾಗುತ್ತದೆ. ಮಾಡಿಸಿದರೆ ಎರಡೂ ಬದಿಗೆ ಮಾಡಿಸಿ. ಖರ್ಚು ಉಳಿಸಬೇಕೆಂದರೆ ಟ್ಯಾಬಿನ ಭಾಗಕ್ಕೂ ತೂತಿನ ಅಂಚಿಗೂ ಮಾತ್ರ ಪ್ಲಾಸ್ಟಿಕ್ ಪಟ್ಟಿ ಹಾಕಿಸಿ, ಬೆರಳು ತಾಗುವುದೂ ಹರಿಯುವುದೂ ಅಲ್ಲೇ. ಪ್ರಿಂಟ್ ಮೊದಲು, ಪ್ಲಾಸ್ಟಿಕ್ ಆಮೇಲೆ, ಡೈ ಕೊನೆಗೆ.

ಡಿಜಿಟಲ್ ಪ್ರಿಂಟ್ ಆದರೆ ಹಾಳೆಯ ಅಳತೆ ಕೇಳಿ. ಬ್ಲೀಡ್ ಸೇರಿ ಎರಡು ಕಾರ್ಡ್ ಅಕ್ಕಪಕ್ಕ ಇಟ್ಟರೆ 458 × 303 ಮಿ.ಮೀ. ಆಗುತ್ತದೆ. 13 × 19 ಇಂಚಿನ ಹಾಳೆಯಲ್ಲಿ ಇದು ಕೂರುತ್ತದೆ. 12 × 18 ಇಂಚಿನದು 305 × 457 ಮಿ.ಮೀ. ಮಾತ್ರ, ಒಂದು ಮಿ.ಮೀ. ಸಾಲದೆ ಹೋಗಿ ಹಾಳೆಗೊಂದೇ ಕಾರ್ಡ್ ಬರುತ್ತದೆ. ಐವತ್ತು ಸೆಟ್ ಅಂದರೆ 350 ಕಾರ್ಡ್. 175 ಹಾಳೆಯಲ್ಲಿ ಮುಗಿಯುತ್ತದೋ 350 ಬೇಕೋ ಅನ್ನುವುದು ಇಲ್ಲೇ ತೀರ್ಮಾನ. ಡೈ ಒಂದನ್ನೇ ಸರಿಸಿ ಸರಿಸಿ ಹೊಡೆಯುತ್ತಾರೋ, ಏಳು ಜಾಗಕ್ಕೂ ಬೇರೆ ಬೇರೆ ಮಾಡಿಸಬೇಕೋ ಅಂತಲೂ ಕೇಳಿ. ಬಿಲ್ಲಿನಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

'ಸೆಟ್ ಜೋಡಿಸಿ ಕೊಡಬೇಕು' ಅಂತ ಆರ್ಡರ್ ಚೀಟಿಯಲ್ಲಿ ಬರೆಸಿ. ಬರೆಸದಿದ್ದರೆ ಐವತ್ತು 'ನಾಯಕತ್ವ' ಒಂದು ಕಟ್ಟು, ಐವತ್ತು 'ಯೋಜನೆ' ಇನ್ನೊಂದು ಕಟ್ಟು ಆಗಿ ಬರುತ್ತವೆ. ಜೋಡಿಸುವ ಕೆಲಸ ನಿಮ್ಮ ಆಫೀಸಿನವರ ತಲೆಗೆ ಬೀಳುತ್ತದೆ.

8. ಸ್ಯಾಂಪಲ್

ಸ್ಕ್ರೀನ್ ನೋಡಿ ಓಕೆ ಅನ್ನಬೇಡಿ. ಒಂದು ಸೆಟ್ಟನ್ನು ಅಳತೆ ಕುಗ್ಗಿಸದೆ, ಶೇ 100ರಲ್ಲಿ ಎ3 ಹಾಳೆಯ ಮೇಲೆ ತೆಗೆಸಿ. ಪ್ರಿಂಟರ್‌ನಲ್ಲಿ 'ಫಿಟ್ ಟು ಪೇಜ್' ತೆಗೆದಿರಬೇಕು. ಕತ್ತರಿಯಿಂದ ಕತ್ತರಿಸಿ, ಪಂಚ್ ಮಾಡಿ, ನಿಜವಾದ ಫೈಲಿನಲ್ಲಿ ಕಾಗದಗಳ ನಡುವೆ ಹಾಕಿ. ಮುಚ್ಚಿ ನೋಡಿ. ಏಳೂ ಟ್ಯಾಬ್ ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದು ಕಾಣಬೇಕು, ಒಂದರ ಹಿಂದೆ ಒಂದು ಅವಿತಿರಬಾರದು. ಆಮೇಲೆ ತಿರುವಿ ಹಿಂಬದಿ ಓದಿ. ಎಲ್ಲ ಸರಿ ಇದ್ದರೆ ಆ ಸ್ಯಾಂಪಲ್ ಮೇಲೆಯೇ ಸಹಿ, ದಿನಾಂಕ ಹಾಕಿ ಪ್ರೆಸ್‌ಗೆ ಕೊಡಿ. ಅದರ ಫೋಟೋ ನಿಮ್ಮ ಮೊಬೈಲಿನಲ್ಲಿರಲಿ.

ಬೇಕಾದ್ದಕ್ಕಿಂತ ನಾಲ್ಕೈದು ಸೆಟ್ ಜಾಸ್ತಿ ಹೇಳಿ. ಆಮೇಲೆ ಒಂದೆರಡೇ ಮಾಡಿಸಲು ಹೋದರೆ ದುಬಾರಿ. ಡೈಗೆ ನೀವೇ ದುಡ್ಡು ಕೊಟ್ಟಿದ್ದರೆ ಅದರ ಮೇಲೆ ನಿಮ್ಮ ಕಂಪನಿಯ ಹೆಸರು ಬರೆಸಿ, ಎಲ್ಲಿ ಇಟ್ಟಿದ್ದಾರೆ ಅಂತ ಕೇಳಿಟ್ಟುಕೊಳ್ಳಿ. ಟ್ಯಾಬಿನ ಅಳತೆ ಬದಲಾಗದಿದ್ದರೆ ಮುಂದಿನ ಸಲವೂ ಅದೇ ಡೈ ನಡೆಯುತ್ತದೆ, ಬರಹ ಮಾತ್ರ ಬದಲಿಸಿದರೆ ಸಾಕು.