ಇಆರ್‌ಸಿಪಿಗೆ ಹೋಗುವ ಮುನ್ನ, ಆಮೇಲೆ

ಇಆರ್‌ಸಿಪಿ ಅಂದರೆ ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ಪಿತ್ತನಾಳಕ್ಕೆ, ಅಂದರೆ ಪಿತ್ತ ಕರುಳಿಗೆ ಹರಿಯುವ ನಾಳಕ್ಕೆ, ಮಾಡುವ ಚಿಕಿತ್ಸೆ. ಅಲ್ಲಿ ಕಲ್ಲಿದೆಯೋ ಇಲ್ಲವೋ ನೋಡುವುದಕ್ಕಷ್ಟೇ ಇಆರ್‌ಸಿಪಿ ಬೇಡ. ಅದಕ್ಕೆ ಎಂಆರ್‌ಸಿಪಿ (ಪಿತ್ತನಾಳದ ಎಂಆರ್‌ಐ) ಸ್ಕ್ಯಾನ್ ಅಥವಾ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಇದೆ. ಕಲ್ಲು ತೆಗೆಯಬೇಕು, ಸ್ಟೆಂಟ್ (ನಾಳವನ್ನು ತೆರೆದಿಡುವ ಸಣ್ಣ ಕೊಳವೆ) ಹಾಕಬೇಕು ಎಂದಾಗ ಇಆರ್‌ಸಿಪಿ.

ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಒಂದು ವಾರ ಮೊದಲೇ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ, ಹೃದಯದ ಡಾಕ್ಟರನ್ನೂ ಕೇಳಬೇಕು. 6ರಿಂದ 8 ಗಂಟೆ ಏನೂ ತಿನ್ನುವಂತಿಲ್ಲ. ಟ್ರಾಫಿಕ್ ಶುರುವಾಗುವ ಮೊದಲೇ ಮನೆ ಬಿಡುವ ಗಡಿಬಿಡಿಯಲ್ಲಿ ‘ಅರ್ಧ ಲೋಟ ಕಾಫಿ ತಾನೇ’ ಅಂದುಕೊಳ್ಳಬೇಡಿ. ಹಾಲು ಬಿದ್ದ ಕಾಫಿ ಆಹಾರದ ಲೆಕ್ಕವೇ, ಸರದಿ ಮುಂದಕ್ಕೆ ಹೋಗುತ್ತದೆ.

ಪಕ್ಕಕ್ಕೆ ನೋಡುವ ಕ್ಯಾಮೆರಾ ಇರುವ ಕೊಳವೆಯನ್ನು ಬಾಯಿಯಿಂದ ಸಣ್ಣಕರುಳಿನ ಮೊದಲ ಭಾಗಕ್ಕೆ ಇಳಿಸುತ್ತಾರೆ. ಪಿತ್ತನಾಳ, ಮೇದೋಜೀರಕದ ನಾಳ ಎರಡೂ ಸಾಮಾನ್ಯವಾಗಿ ತೆರೆಯುವುದು ಅಲ್ಲಿನ ಒಂದೇ ಸಣ್ಣ ಉಬ್ಬಿನಲ್ಲಿ. ಪಿತ್ತನಾಳಕ್ಕೆ ತಂತಿ ತೂರಿಸಿ, ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ) ಬಿಟ್ಟು ಎಕ್ಸ್‌ರೇಯಲ್ಲಿ ನೋಡಿ, ಉಬ್ಬಿನ ಬಾಯಿಯನ್ನು ಕೊಯ್ದು ಅಗಲಿಸಿ, ಬಲೂನಿನಿಂದಲೋ ತಂತಿಬುಟ್ಟಿಯಿಂದಲೋ ಕಲ್ಲು ಎಳೆಯುತ್ತಾರೆ. ತಂತಿ ಪದೇ ಪದೇ ಮೇದೋಜೀರಕದ ನಾಳಕ್ಕೇ ಹೊಕ್ಕರೆ ಮೇದೋಜೀರಕವೇ ಊದಿಕೊಳ್ಳಬಹುದು. ಈ ಪ್ಯಾಂಕ್ರಿಯಾಟೈಟಿಸ್ಸೇ ಮುಖ್ಯ ತೊಡಕು. ತಡೆಯಲು ಗುದದ್ವಾರದಲ್ಲಿ ಉರಿಯೂತ ತಗ್ಗಿಸುವ 100 ಮಿಗ್ರಾಂ ಇಂಡೋಮೆಥಾಸಿನ್ ಅಥವಾ ಡೈಕ್ಲೋಫೆನಾಕ್ ಇಡುತ್ತಾರೆ. ಕಿಡ್ನಿ ತೊಂದರೆ, ಅಲರ್ಜಿ ಇದ್ದರೆ ಮೊದಲೇ ತಿಳಿಸಿ.

ಮತ್ತಿನ ಔಷಧಿ ಕೊಟ್ಟ ದಿನ ಗಾಡಿ ಓಡಿಸಬೇಡಿ. ಬೆನ್ನಿಗೆ ಹಬ್ಬುವ ಹೊಟ್ಟೆನೋವು, ಚಳಿಜ್ವರ, ಕಪ್ಪು ಮಲ ಕಂಡರೆ ನಡುರಾತ್ರಿಯಾದರೂ ತುರ್ತು ವಿಭಾಗಕ್ಕೆ ಹೋಗಿ, ಮೆಡಿಕಲ್ ಶಾಪಿಗಲ್ಲ. ಪ್ಲಾಸ್ಟಿಕ್ ಸ್ಟೆಂಟ್ ಹಾಕಿದ್ದರೆ ತಾರೀಖು ಬರೆದಿಡಿ: ಸಾಮಾನ್ಯವಾಗಿ 3 ತಿಂಗಳೊಳಗೆ ತೆಗೆಸಬೇಕು ಇಲ್ಲವೇ ಬದಲಿಸಬೇಕು. ನೋವಿಲ್ಲವೆಂದು ಬಿಟ್ಟರೆ ಅದು ಕಟ್ಟಿಕೊಂಡು ಸೋಂಕಾಗಬಹುದು. ಪಿತ್ತಕೋಶದಲ್ಲೇ ಉಳಿದ ಕಲ್ಲು ಇದರಿಂದ ಹೋಗುವುದಿಲ್ಲ, ಅದಕ್ಕೆ ಬೇರೆ ಆಪರೇಷನ್.