ಎಂಟು ಗಂಟೆಯ ಆಟ, ನಾಲ್ಕು ಜಿಬಿಯ ಗಡಿ

ಬಾರ್ಕೂರಿನ ಹತ್ತಿರ ಒಂದು ಮನೆಯವರ ಹರಕೆ ಆಟ, ಅಂದರೆ ಹರಕೆಗೆ ಆಡಿಸುವ ಯಕ್ಷಗಾನ. ರಾತ್ರಿ ಒಂಬತ್ತೂವರೆಗೆ ಶುರು, ಬೆಳಿಗ್ಗೆ ಐದೂವರೆಗೆ ಮಂಗಳ. ಇಡೀ ಆಟವನ್ನು ಎಲ್ಲೂ ಬಿಡದೆ ರೆಕಾರ್ಡ್ ಮಾಡಿಕೊಡಬೇಕು ಅಂತ ಮನೆಯ ಹಿರಿಯರು ಕೇಳಿದ್ದರು. ಕ್ಯಾಮೆರಾ ಎಂಟು ಗಂಟೆಯೂ ಸರಿಯಾಗಿ ನಡೆಯಿತು. ತೊಂದರೆ ಶುರುವಾದದ್ದು ಉಡುಪಿಗೆ ಬಂದು ಕಂಪ್ಯೂಟರ್ ಮುಂದೆ ಕೂತ ಮೇಲೆ.

ನನ್ನದು ಎವಿಸಿಎಚ್‌ಡಿ ಎಂಬ ಬಗೆಯಲ್ಲಿ ವಿಡಿಯೊ ಉಳಿಸುವ ಕ್ಯಾಮೆರಾ. ಸೆಕೆಂಡಿಗೆ 24 ಮೆಗಾಬಿಟ್, ಅಂದರೆ 3 ಎಂಬಿ. 32 ಜಿಬಿ ಕಾರ್ಡಿನಲ್ಲಿರುವುದು ಫ್ಯಾಟ್32 ಎಂಬ, ಫೈಲುಗಳನ್ನು ಇಡುವ ಹಳೆಯ ವ್ಯವಸ್ಥೆ. ಅದರಲ್ಲಿ ಯಾವ ಫೈಲೂ 4 ಜಿಬಿ ದಾಟುವ ಹಾಗಿಲ್ಲ. ಹಾಗಾಗಿ ಸುಮಾರು 24 ನಿಮಿಷಕ್ಕೊಮ್ಮೆ ಹೊಸ ಫೈಲ್. ಒಂದು ಕಾರ್ಡಿನಲ್ಲೇ ಎಂಟು ತುಂಡು.

ತುಂಡುಗಳನ್ನು ಎಡಿಟಿಂಗ್ ಸಾಫ್ಟ್‌ವೇರಿಗೆ ಸಾಲಾಗಿ ಎಳೆದು ಹಾಕಿದೆ. ನೋಡಲು ಸರಿ ಇತ್ತು. ಹೆಡ್‌ಫೋನ್ ಹಾಕಿದಾಗ ಗೊತ್ತಾಯಿತು. ಭಾಗವತರು ಏರುಪದ ಹಿಡಿದಿದ್ದಾರೆ, ಚೆಂಡೆ ಜೋರಾಗಿ ಬರುತ್ತಿದೆ, ನಡುವೆ ಒಂದು ಪೆಟ್ಟು ಇಲ್ಲ. ಸೆಕೆಂಡಿಗಿಂತಲೂ ಕಡಿಮೆ ಹೊತ್ತಿನ ಮೌನ. ಮದುವೆ ವಿಡಿಯೊ ಆಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಟದಲ್ಲಿ ಪೆಟ್ಟು ಹೋದರೆ ಕುಣಿಯುವವರ ಹೆಜ್ಜೆಯೇ ತಪ್ಪಿದ ಹಾಗೆ ಕಾಣುತ್ತದೆ. ರಾತ್ರಿಯಿಡೀ ಕುಣಿದ ಕಲಾವಿದರಿಗೆ ಅದು ಅನ್ಯಾಯ ಅಲ್ವಾ?

ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಕ್ಯಾಮೆರಾ ಫೈಲನ್ನು ಕತ್ತರಿಸುವುದು ಗಾತ್ರ ನೋಡಿ, ಶಬ್ದ ಎಲ್ಲಿ ಮುಗಿಯಿತು ಅಂತ ನೋಡಿ ಅಲ್ಲ. ಶಬ್ದದ ಒಂದು ಚೂರು ಈ ಫೈಲಿನ ಕೊನೆಗೆ ಉಳಿಯುತ್ತದೆ, ಇನ್ನೊಂದು ಚೂರು ಮುಂದಿನದರ ತಲೆಗೆ ಹೋಗುತ್ತದೆ. ಬೇರೆಬೇರೆಯಾಗಿ ತೆರೆದರೆ ಎರಡೂ ಅರ್ಧಂಬರ್ಧ. ಸಾಫ್ಟ್‌ವೇರ್ ಅವನ್ನು ಬಿಟ್ಟುಬಿಡುತ್ತದೆ.

ಹಾಗಾದರೆ ತೆರೆಯುವ ಮೊದಲೇ ಜೋಡಿಸಬೇಕು. ಎಲ್ಲ ತುಂಡುಗಳನ್ನೂ ಈ 4 ಜಿಬಿ ಮಿತಿ ಇಲ್ಲದ ಎನ್‌ಟಿಎಫ್‌ಎಸ್ ಹಾರ್ಡ್‌ಡಿಸ್ಕಿಗೆ ಹಾಕಿಕೊಂಡೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ಕಾಪಿ ಕಮಾಂಡ್ ಬರೆದು, ಸ್ಲ್ಯಾಶ್ ಹಾಕಿ ಬಿ ಅಕ್ಷರ ಸೇರಿಸಿ, ಫೈಲುಗಳ ಹೆಸರನ್ನು ಕ್ರಮವಾಗಿ ನಡುವೆ ಪ್ಲಸ್ ಗುರುತಿಟ್ಟು ಕೊಟ್ಟೆ. ಇದು ವಿಡಿಯೊವನ್ನು ಕನ್ವರ್ಟ್ ಮಾಡುವುದಿಲ್ಲ. ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸುತ್ತದೆ, ಅಷ್ಟೆ. ಅದೇ ಜಾಗ ಮತ್ತೆ ಕೇಳಿದೆ. ಪೆಟ್ಟು ಇತ್ತು! ಎಂಪಿ4 ತುಂಡುಗಳಿಗೆ ಮಾತ್ರ ಈ ದಾರಿ ಆಗುವುದಿಲ್ಲ. ಅವಕ್ಕೆ ಎಫ್‌ಎಫ್‌ಎಂಪೆಗ್ ಎಂಬ ಸಾಫ್ಟ್‌ವೇರಿನಲ್ಲಿ ತುಂಡು ಜೋಡಿಸುವ ಕಾನ್‌ಕ್ಯಾಟ್ ಬೇಕು.

ಮಿಕ್ಸರಿನಿಂದ ಬೇರೆ ತೆಗೆದಿದ್ದ ಆಡಿಯೊದಲ್ಲೂ ಅದೇ 4 ಜಿಬಿ ಎದುರಾಯಿತು. ಎಂಟು ಗಂಟೆಯ ವೇವ್ ಫೈಲನ್ನು ಪ್ಲೇಯರ್ ಅರ್ಧಕ್ಕಿಂತ ಕಮ್ಮಿ ತೋರಿಸಿತು. ವೇವ್ ತನ್ನ ಉದ್ದವನ್ನು 32 ಬಿಟ್‌ನಲ್ಲಿ ಬರೆದಿಡುತ್ತದೆ, ಅದರಲ್ಲಿ 4 ಜಿಬಿಗಿಂತ ದೊಡ್ಡ ಲೆಕ್ಕ ಹಿಡಿಯುವುದಿಲ್ಲ. 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೊ ಆದರೆ 4 ಗಂಟೆ 8 ನಿಮಿಷಕ್ಕೆ ಅದರ ಮಿತಿ ಮುಗಿಯುತ್ತದೆ. 4 ಜಿಬಿ ದಾಟಿದ ಆಡಿಯೊಗೂ ಆಗುವ ಆರ್‌ಎಫ್64 ಆಗಿ ಎಕ್ಸ್‌ಪೋರ್ಟ್ ಮಾಡಿದೆ, ಸರಿಹೋಯಿತು.

ಕೊನೆಗೆ ಪೆನ್‌ಡ್ರೈವ್. ಮನೆಯ ಹಿರಿಯರು ಎದುರಿಗೇ ಕೂತಿದ್ದರು. ಫೈಲ್ ತೀರಾ ದೊಡ್ಡದಾಯಿತು ಅಂತ ಕಂಪ್ಯೂಟರ್ ಹೇಳಿತು. "ಖಾಲಿ ಉಂಟಲ್ಲ ಮಾರಾಯ್ರೆ, ಯಾಕೆ ಹೋಗುವುದಿಲ್ಲ?" ಅಂದರು. ಖಾಲಿ ಇದ್ದದ್ದು ನಿಜ, ಆದರೆ ಅದೂ ಫ್ಯಾಟ್32. ಎಕ್ಸ್‌ಫ್ಯಾಟ್ ಮಾಡಿದರೆ ಫೈಲ್ ಹೋಗುತ್ತಿತ್ತು. ಅವರ ಮನೆಯ ಹಳೆಯ ಟಿವಿ ಅದನ್ನು ಓದುವುದಿಲ್ಲ.

ಅದಕ್ಕೆ ಲೆಕ್ಕ ಹಾಕಿ ವಿಡಿಯೊದ ಗಾತ್ರ ಇಳಿಸಿದೆ. ಆಡಿಯೊ ಸೇರಿ ಸೆಕೆಂಡಿಗೆ 4 ಮೆಗಾಬಿಟ್ ಇಟ್ಟರೆ ಎರಡು ಗಂಟೆಗೆ 3.6 ಜಿಬಿ. ಒಟ್ಟು ನಾಲ್ಕು ಫೈಲ್. ಕತ್ತರಿಸಿದ್ದು ಗಡಿಯಾರ ನೋಡಿ ಅಲ್ಲ. ಎರಡು ಗಂಟೆಯ ಆಸುಪಾಸಿನಲ್ಲಿ ಪದ ಮುಗಿದು, ವೇಷ ಒಳಗೆ ಹೋಗಿ, ರಂಗಸ್ಥಳ ಖಾಲಿಯಾದ ಜಾಗ ಹುಡುಕಿ ಅಲ್ಲೇ ನಿಲ್ಲಿಸಿದೆ.